ಬೆನ್ನ ಮೇಲೆ ಹೆಸರು, ಬಾಯಿಗೆ ಬೀಗ

ಪ್ರಶ್ನೆ: ನಾವು ಆರು ಜನ ಕನ್ನಡಿಗರು ಸಿಡ್ನಿಯಲ್ಲಿದ್ದೇವೆ. ಎಲ್ಲರ ಹತ್ತಿರವೂ ಬುಲೆಟ್ ಇದೆ, ಭಾನುವಾರ ಒಟ್ಟಿಗೆ ರೈಡ್ ಹೋಗುತ್ತೇವೆ. ಒಂದೇ ಥರದ ಜಾಕೆಟ್ ಇರಲಿ ಅಂತ ಬೆನ್ನಿನ ಮೇಲ್ಗಡೆ ಗುಂಪಿನ ಹೆಸರು, ನಡುವೆ ಗಂಡಭೇರುಂಡ, ಕೆಳಗೆ ಕಮಾನಿನಂತೆ 'ಸಿಡ್ನಿ' ಅಂತ ಹಾಕಿಸೋಣ ಅಂದುಕೊಂಡು, ಚಿಕ್ಕಪೇಟೆಯ ಒಬ್ಬ ಎಂಬ್ರಾಯ್ಡರಿಯವರಿಗೆ ಹೇಳಿದ್ದೇವೆ. ಆಫೀಸಿನ ಆಸ್ಟ್ರೇಲಿಯನ್ ಗೆಳೆಯನೊಬ್ಬ ಇದನ್ನು ಕೇಳಿ ಗಾಬರಿಯಾದ. ಬೈಕಿ ಗ್ಯಾಂಗಿನವರ ಕಣ್ಣಿಗೆ ಬಿದ್ದರೆ ಕಷ್ಟ ಅಂದ. ಬಟ್ಟೆಯ ತುಂಡಿಗೆ ಇಷ್ಟೊಂದು ಭಯವೇ? ಇವರದ್ದು ಗುಟ್ಟಿನ ಲೋಕ ಅನ್ನುತ್ತಾರೆ. ಗುಟ್ಟಾಗಿದ್ದರೆ ಹೆಸರನ್ನು ಬೆನ್ನ ಮೇಲೆ ಅಷ್ಟು ದೊಡ್ಡದಾಗಿ ಯಾಕೆ ಬರೆಸಿಕೊಳ್ಳುತ್ತಾರೆ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಸರಿ. ಗಂಡಭೇರುಂಡ ಇರಲಿ, ಆದರೆ ಆ ಕೆಳಗಿನ ಕಮಾನು ಬೇಡ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೊನೆಯ ಪ್ರಶ್ನೆ ನನಗೂ ಬಹಳ ವರ್ಷ ಕಾಡಿದ್ದು. ಪಾತಕ ಕೂಟಗಳ ಬಗ್ಗೆ ಓದುತ್ತಾ, ಕೋರ್ಟಿನ ಕಾಗದ ನೋಡುತ್ತಾ ಬಂದವನಿಗೆ ಈ ಬೈಕ್ ಕ್ಲಬ್ಬುಗಳ ಹಾಗೆ ತಲೆ ತಿನ್ನುವ ಕೂಟ ಬೇರೊಂದಿಲ್ಲ. ಮಾಫಿಯಾದವನು ತಾನು ಮಾಫಿಯಾ ಅಂತ ಎದೆಯ ಮೇಲೆ ಬರೆದುಕೊಂಡು ಓಡಾಡುವುದಿಲ್ಲ. ಇವರು ಬರೆದುಕೊಳ್ಳುತ್ತಾರೆ. ಊರಿನ ಹೆಸರೂ ಸೇರಿಸುತ್ತಾರೆ, ಕ್ಲಬ್ಬಿನಲ್ಲಿ ತನ್ನ ಹುದ್ದೆ ಏನು ಅನ್ನುವುದನ್ನೂ ಎದೆಯ ಮೇಲೆ ಹೊಲಿಸಿಕೊಳ್ಳುತ್ತಾರೆ.

ಮೊದಲು ಬಟ್ಟೆಯ ವಿಷಯ. ಈ ಕ್ಲಬ್ಬುಗಳ ತೋಳಿಲ್ಲದ ಜಾಕೆಟ್ ಮೇಲೆ ಇರುವುದು ಮೂರು ತುಂಡು. ಮೇಲೆ ಕಮಾನಿನಂತೆ ಕ್ಲಬ್ಬಿನ ಹೆಸರು, ನಡುವೆ ಚಿಹ್ನೆ, ಕೆಳಗೆ ಇನ್ನೊಂದು ಕಮಾನಿನಲ್ಲಿ ಜಾಗದ ಹೆಸರು. ಪಕ್ಕದಲ್ಲಿ ಚಿಕ್ಕದಾಗಿ 'ಎಂಸಿ' ಅಂತ, ಅಂದರೆ ಮೋಟಾರ್ ಸೈಕಲ್ ಕ್ಲಬ್. ಕಮಾನಿನ ತುಂಡಿಗೆ ರಾಕರ್ ಅನ್ನುತ್ತಾರೆ, ಇಡೀ ಸೆಟ್ಟಿಗೆ ಕಲರ್ಸ್ ಅಥವಾ ಪ್ಯಾಚ್ ಅನ್ನುತ್ತಾರೆ. ಕೆಳಗಿನ ರಾಕರ್ ನೋಡಿದರೆ ನಮಗೆ ವಿಳಾಸದಂತೆ ಕಾಣುತ್ತದೆ. ಅವರಿಗೆ ಅದು ವಿಳಾಸ ಅಲ್ಲ, ಹೊಲದ ಬದುವಿನ ಕಲ್ಲು. ಈ ನೆಲ ನಮ್ಮದು, ಇಲ್ಲಿ ಇನ್ನೊಬ್ಬ ಈ ಹೆಸರು ಹಾಕಬೇಕಾದರೆ ನಮ್ಮನ್ನು ಕೇಳಬೇಕು ಅನ್ನುವ ಮಾತು ಅದು. ಬದುವಿನ ಕಲ್ಲು ಒಂದು ಗೇಣು ಸರಿಸಿದ್ದಕ್ಕೆ ಅಣ್ಣತಮ್ಮಂದಿರು ಕತ್ತಿ ಹಿಡಿದ ಕತೆ ನಮ್ಮ ಹಳ್ಳಿಗಳಲ್ಲೂ ಇದೆ, ಅಲ್ವಾ? ಅದೇ ಲೆಕ್ಕ.

2015ರ ಮೇ 17ರಂದು ಅಮೆರಿಕದ ಟೆಕ್ಸಾಸ್‌ನ ವೇಕೊ ಊರಿನ ಒಂದು ರೆಸ್ಟೋರೆಂಟಿನ ಪಾರ್ಕಿಂಗ್ ಜಾಗದಲ್ಲಿ 9 ಜನ ಸತ್ತರು. ಬ್ಯಾಂಡಿಡೋಸ್ ಮತ್ತು ಕೊಸ್ಸಾಕ್ಸ್ ಅನ್ನುವ ಎರಡು ಕ್ಲಬ್ಬುಗಳ ನಡುವೆ ಮೊದಲಿಂದ ಹೊಗೆಯಾಡುತ್ತಿದ್ದ ಜಗಳಕ್ಕೆ ದೊಡ್ಡ ಕಾರಣ ಒಂದು ಶಬ್ದ: ಕೆಳಗಿನ ರಾಕರ್‌ನಲ್ಲಿ 'ಟೆಕ್ಸಾಸ್' ಅಂತ ಯಾರು ಹಾಕಿಕೊಳ್ಳಬಹುದು. ಅದು ತಮ್ಮದು ಅಂತ ಬ್ಯಾಂಡಿಡೋಸ್ ಹೇಳುತ್ತಿದ್ದರು, ಕೊಸ್ಸಾಕ್ಸ್ ಕೇಳದೆಯೇ ಹಾಕಿಕೊಂಡರು. ಪೊಲೀಸರು ಅಲ್ಲೇ ಹೊರಗೆ ಕಾಯುತ್ತಿದ್ದರು, ಅವರೂ ಗುಂಡು ಹಾರಿಸಿದರು, ಸತ್ತವರಲ್ಲಿ ಕೆಲವರಿಗೆ ಪೊಲೀಸರ ಗುಂಡು ತಗುಲಿತ್ತು. 177 ಜನರನ್ನು ಹಿಡಿದು, ಒಬ್ಬೊಬ್ಬರಿಗೂ 10 ಲಕ್ಷ ಡಾಲರ್ ಜಾಮೀನು ಅಂತ ಒಂದೇ ಅಚ್ಚಿನ ಕಾಗದ ತುಂಬಿದರು. ಕೊನೆಗೆ ಏನಾಯಿತು ಗೊತ್ತಾ? 2019ರ ಹೊತ್ತಿಗೆ ಉಳಿದ ಎಲ್ಲಾ ಕೇಸುಗಳನ್ನೂ ಕೈಬಿಟ್ಟರು. 9 ಹೆಣ, ಒಬ್ಬರಿಗೂ ಶಿಕ್ಷೆ ಇಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ಆರು ಬುಲೆಟ್‌ಗಳ ಮೇಲೆ ಯಾರೋ ಗುಂಡು ಹಾರಿಸುತ್ತಾರೆ ಅಂತ ನಾನು ಹೆದರಿಸುತ್ತಿಲ್ಲ. ಹಾಗೆಲ್ಲ ಆಗುವುದಿಲ್ಲ. ಆಗುವುದು ಇಷ್ಟು: ಯಾವುದೋ ಪೆಟ್ರೋಲ್ ಬಂಕಿನಲ್ಲಿ ದೊಡ್ಡ ಆಳೊಬ್ಬ ಬಂದು, ತಣ್ಣಗೆ, ಇದನ್ನು ಹಾಕಿಕೊಳ್ಳಲು ಯಾರನ್ನು ಕೇಳಿದಿರಿ ಅನ್ನುತ್ತಾನೆ. ಅಲ್ಲೇ ಬಿಚ್ಚಿ ಕೊಡಿ ಅನ್ನಬಹುದು. ಆಗ ನಿಮ್ಮ ಹತ್ತಿರ ಒಳ್ಳೆಯ ಉತ್ತರ ಇರುವುದಿಲ್ಲ.

ಈ ಕ್ಲಬ್ಬುಗಳಿಗೆ ಔಟ್‌ಲಾ ಕ್ಲಬ್ ಅನ್ನುತ್ತಾರೆ. ಈಗ ಆ ಪದಕ್ಕೆ ಬರೋಣ, ಅಲ್ಲಿ ಒಂದು ಗೊಂದಲ ಇದೆ. ಅಮೆರಿಕದಲ್ಲಿ ಮೋಟಾರ್ ಸೈಕಲ್ ರೇಸುಗಳನ್ನು ನಡೆಸುವ ಒಂದು ಸಂಘ ಇತ್ತು, ಈಗಲೂ ಇದೆ. ಅದರ ಒಪ್ಪಿಗೆ ಇಲ್ಲದ ಕ್ಲಬ್ಬುಗಳಿಗೆ ಮೊದಲು ಔಟ್‌ಲಾ ಅನ್ನುತ್ತಿದ್ದರು. ಅಂದರೆ ಸಂಘದ ಕಟ್ಟಳೆಯ ಹೊರಗಿನವರು, ಅಷ್ಟೇ. ಕಾನೂನು ಮುರಿದವರು ಅಂತಲ್ಲ. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಅನ್ನುವ ಚಿಕ್ಕ ಊರಿನ ರೇಸಿಗೆ ಊರು ಹಿಡಿಸಲಾರದಷ್ಟು ಬೈಕಿನವರು ಬಂದು, ಕುಡಿದು, ಬೀದಿಯಲ್ಲೇ ಓಡಿಸಿ ಗಲಾಟೆ ಮಾಡಿದರು. ಬಾಟಲಿ ರಾಶಿಯ ನಡುವೆ ಬೈಕಿನ ಮೇಲೆ ಕೂತ ಒಬ್ಬ ದಪ್ಪ ಮನುಷ್ಯನ ಫೋಟೋ ಲೈಫ್ ಪತ್ರಿಕೆಯಲ್ಲಿ ಬಂತು, ದೇಶಕ್ಕೆಲ್ಲ ಹೆದರಿಕೆ ಹಬ್ಬಿತು. ಆಗ ಆ ಸಂಘ 'ಬೈಕ್ ಓಡಿಸುವವರಲ್ಲಿ 99 ಪಾಲು ಜನ ಸಜ್ಜನರು' ಅಂದಿತಂತೆ, ಹಾಗಾದರೆ ನಾವು ಉಳಿದ ಆ ಒಂದು ಪಾಲು ಅಂತ ಇವರು ವಜ್ರಾಕಾರದ ತುಂಡಿನಲ್ಲಿ '1%' ಹೊಲಿಸಿಕೊಂಡರಂತೆ. ಅಂತಹ ಹೇಳಿಕೆಯ ದಾಖಲೆಯೇ ತಮ್ಮಲ್ಲಿ ಇಲ್ಲ ಅಂತ ಸಂಘ ಈಗ ಹೇಳುತ್ತದೆ. ಆದರೆ 1% ತುಂಡು ಮಾತ್ರ ಉಳಿಯಿತು. ಬೈದ ಮಾತನ್ನೇ ಎತ್ತಿಕೊಂಡು ಬಿರುದು ಮಾಡಿಕೊಂಡರು.

ಹೆಲ್ಸ್ ಏಂಜಲ್ಸ್ ಶುರುವಾದದ್ದು 1948ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕಡೆ. ಹೆಸರು ಎರಡನೇ ಮಹಾಯುದ್ಧದ ವಿಮಾನ ದಳಗಳಿಂದ ಬಂದದ್ದು. ಅದಕ್ಕೆ ಇವತ್ತಿನ ಶಿಸ್ತು, ಹೆಸರು ತಂದವನು ಓಕ್ಲೆಂಡಿನ ಸನ್ನಿ ಬಾರ್ಜರ್, 2022ರಲ್ಲಿ ತೀರಿಕೊಂಡ. ಬ್ಯಾಂಡಿಡೋಸ್ ಕಟ್ಟಿದವನು ಡಾನ್ ಚೇಂಬರ್ಸ್ ಅನ್ನುವ ಮಾಜಿ ಮೆರೀನ್ ಸೈನಿಕ, 1966ರಲ್ಲಿ, ಟೆಕ್ಸಾಸ್‌ನಲ್ಲಿ. ಮೊಂಗಲ್ಸ್ ಹುಟ್ಟಿದ್ದು 1969ರಲ್ಲಿ ಲಾಸ್ ಏಂಜಲಿಸ್ ಪಕ್ಕದ ಮಾಂಟೆಬೆಲ್ಲೊದಲ್ಲಿ. ಮೆಕ್ಸಿಕನ್ ಮೂಲದ ಹುಡುಗರನ್ನು ಏಂಜಲ್ಸ್ ಒಳಗೆ ಬಿಟ್ಟುಕೊಳ್ಳಲಿಲ್ಲ, ಅದಕ್ಕೆ ಅವರೇ ಒಂದು ಕಟ್ಟಿಕೊಂಡರು. ಯುದ್ಧ ಮುಗಿಸಿ ಮನೆಗೆ ಬಂದ ಹುಡುಗರಿಗೆ ಮನೆ ಹಿಡಿಸಲಿಲ್ಲ, ಜೊತೆಗಾರರು ಬೇಕಾಗಿದ್ದರು ಅನ್ನುವ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಅದನ್ನೇ ಹೇಳಿಕೊಂಡು ಕೂತರೆ ಮುಂದಿನ ರಕ್ತಕ್ಕೆ ಉತ್ತರ ಸಿಗುವುದಿಲ್ಲ.

ಗುಟ್ಟು ಎಲ್ಲಿದೆ ಹಾಗಾದರೆ? ಒಳಗೆ ಸೇರುವ ದಾರಿಯಲ್ಲಿದೆ. ಮೊದಲು ಸುಮ್ನೆ ಜೊತೆಗೆ ಓಡಾಡಿಕೊಂಡಿರಬೇಕು, ಅವನಿಗೆ ಹ್ಯಾಂಗ್‌ಅರೌಂಡ್ ಅನ್ನುತ್ತಾರೆ. ಆಮೇಲೆ ಪ್ರಾಸ್ಪೆಕ್ಟ್. ಈ ಹಂತದಲ್ಲಿ ಬೆನ್ನ ಮೇಲೆ ನಡುವಿನ ಚಿಹ್ನೆ ಇರುವುದಿಲ್ಲ. ಕಡಿಮೆ ಅಂದರೂ ವರ್ಷಗಟ್ಟಲೆ ಬೈಕು ಕಾಯುವುದು, ಕ್ಲಬ್‌ಹೌಸ್ ಗುಡಿಸುವುದು, ರಾತ್ರಿ ಎರಡಕ್ಕೆ ಫೋನ್ ಬಂದರೂ ಎದ್ದು ಓಡುವುದು. ಯಾವುದಕ್ಕೂ ಯಾಕೆ ಅಂತ ಕೇಳುವಂತಿಲ್ಲ. ಕೊನೆಗೆ ಚಾಪ್ಟರಿನ, ಅಂದರೆ ಕ್ಲಬ್ಬಿನ ಆ ಊರಿನ ಶಾಖೆಯ, ಎಲ್ಲರೂ ಕೈ ಎತ್ತಿದರೆ ಮಾತ್ರ ಪೂರ್ತಿ ಪ್ಯಾಚ್. ಪೊಲೀಸ್ ಕೆಲಸ, ಜೈಲು ಕಾವಲಿನ ಕೆಲಸ ಮಾಡಿದವರಿಗೆ ಬಾಗಿಲು ಮುಚ್ಚಿದೆ. ಹೆಣ್ಣಿಗೂ ಮುಚ್ಚಿದೆ. ಪ್ರತಿ ಚಾಪ್ಟರಿಗೂ ಅಧ್ಯಕ್ಷ, ಖಜಾಂಚಿ, ಶಿಸ್ತು ಕಾಯುವ ಸಾರ್ಜೆಂಟ್, ರೈಡ್ ಮುನ್ನಡೆಸುವ ರೋಡ್ ಕ್ಯಾಪ್ಟನ್ ಇರುತ್ತಾರೆ. ಸದಸ್ಯರ ಸಭೆಗೆ ಅವರು ಚರ್ಚ್ ಅನ್ನುತ್ತಾರೆ, ಫೋನುಗಳನ್ನು ಹೊರಗಿಟ್ಟು ಒಳಗೆ ಹೋಗುತ್ತಾರೆ. ಇನ್ನೊಂದು ಮುಖ್ಯ ವಿಷಯ: ಪ್ಯಾಚ್ ಹಾಕಿಕೊಂಡವನದ್ದಲ್ಲ, ಕ್ಲಬ್ಬಿನದ್ದು. ಹೊರಗೆ ಹಾಕಿದರೆ ವಾಪಸ್ ಕೊಡಬೇಕು. ಕೆಟ್ಟ ಹೆಸರಿನಲ್ಲಿ ಹೊರಬಿದ್ದವನ ಮೈಮೇಲಿನ ಹಚ್ಚೆಯನ್ನೂ ಅಳಿಸಿಬಿಡುತ್ತಾರೆ, ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಮಾಡಿದವನು ಆ ಬಟ್ಟೆಗಾಗಿ ತನ್ನ ಬದುಕಿನ ಒಂದು ದೊಡ್ಡ ಪಾಲು ಕೊಟ್ಟಿರುತ್ತಾನೆ. ಹಳೆಯ ಗೆಳೆಯರು ದೂರವಾಗಿರುತ್ತಾರೆ. ಅದನ್ನು ಕಳೆದುಕೊಂಡರೆ ಅವನಿಗೆ ಬೇರೆ ಊರಿಲ್ಲ. ಬಾಯಿ ಮುಚ್ಚಿಕೊಂಡಿರು ಅಂತ ಯಾರೂ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಬಂದೂಕು, ಸ್ಫೋಟಕಗಳ ಅಪರಾಧ ನೋಡಿಕೊಳ್ಳುವ ಎಟಿಎಫ್ ಇಲಾಖೆಯ ವಿಲಿಯಂ ಕ್ವೀನ್ ಅನ್ನುವ ಅಧಿಕಾರಿ 1998ರಿಂದ 2000ದವರೆಗೆ ಸುಳ್ಳು ಹೆಸರಿನಲ್ಲಿ ಮೊಂಗಲ್ಸ್ ಒಳಗೆ ಇದ್ದ. ಅವನಿಗೆ ಕ್ಲಬ್ಬು ಅರ್ಜಿ ಕೊಟ್ಟು, ಓದಿದ ಶಾಲೆ, ಸಂಬಳದ ಕಾಗದ, ತೆರಿಗೆ ಕಾಗದ ಎಲ್ಲ ಕೇಳಿತ್ತು. ನಮ್ಮಲ್ಲಿ ಹೆಣ್ಣು ಕೊಡುವವರು ಕೂಡ ಇಷ್ಟು ವಿಚಾರಿಸುವುದಿಲ್ಲ. ಇಲಾಖೆ ಸುಳ್ಳು ಜೀವನವೊಂದನ್ನು ಕಾಗದದ ಮೇಲೆ ಕಟ್ಟಿಕೊಟ್ಟಿತು, ಅವನು ಪಾಸಾದ, ಪೂರ್ತಿ ಪ್ಯಾಚ್ ಸಿಕ್ಕಿತು, ಚಾಪ್ಟರಿನ ಲೆಕ್ಕಪತ್ರವೇ ಅವನ ಕೈಗೆ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಆ ದಿನಗಳಲ್ಲಿ ಅವನ ತಾಯಿ ತೀರಿಕೊಂಡರು. ಅವನೇ ಹೇಳಿಕೊಂಡ ಪ್ರಕಾರ, ಇಲಾಖೆಯ ಜೊತೆಗಾರರಿಂದ ಒಂದು ಸಮಾಧಾನದ ಮಾತೂ ಬರಲಿಲ್ಲ. ಮೊಂಗಲ್ಸ್‌ನ ಗಂಡಸರು ಒಬ್ಬೊಬ್ಬರಾಗಿ ಬಂದು ತಬ್ಬಿಕೊಂಡರು. ಯಾರನ್ನು ಜೈಲಿಗೆ ಕಳಿಸಲು ಹೋಗಿದ್ದನೋ ಅವರೇ. ಆಮೇಲೆ ಡಜನ್‌ಗಟ್ಟಲೆ ಜನರನ್ನು ಅವನ ಸಾಕ್ಷ್ಯದ ಮೇಲೆ ಹಿಡಿದರು, ಅವನು ಊರು ಬಿಟ್ಟು ಅಡಗಿಕೊಳ್ಳಬೇಕಾಯಿತು.

ಈ ಕ್ಲಬ್ಬುಗಳಿಗೆ ಹುಡುಗರು ಯಾಕೆ ಸೇರುತ್ತಾರೆ ಅಂತ ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುವುದು. ಬರೀ ದುಡ್ಡು, ಡ್ರಗ್ಸ್ ಅಂದುಕೊಂಡರೆ ಅರ್ಧ ಮಾತ್ರ ಕಂಡ ಹಾಗೆ. ಆ ಅಪ್ಪುಗೆ ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ಈ ಕೂಟಗಳು ಮುಕ್ಕಾಲು ಶತಮಾನ ಬಾಳುತ್ತಿರಲಿಲ್ಲ.

ಆದರೆ ಆ ಅಪ್ಪುಗೆ ಎಲ್ಲಿಯವರೆಗೆ? ಇದಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯಕ್ಕೆ ಹೋಗಬೇಕು. 1985ರ ಮಾರ್ಚಿನಲ್ಲಿ ಲೆನಾಕ್ಸ್‌ವಿಲ್ ಊರಿನ ಕ್ಲಬ್‌ಹೌಸಿಗೆ ಸಭೆ ಅಂತ ಕರೆಸಿ, ಹೆಲ್ಸ್ ಏಂಜಲ್ಸ್ ತಮ್ಮದೇ ಒಂದು ಚಾಪ್ಟರಿನ 5 ಜನರನ್ನು ಕೊಂದರು. ಡ್ರಗ್ಸ್ ಜಾಸ್ತಿ ತೆಗೆದುಕೊಳ್ಳುತ್ತಾರೆ, ದುಡ್ಡು ನುಂಗುತ್ತಾರೆ ಅನ್ನುವುದು ಆರೋಪ. ಹೆಣಗಳನ್ನು ಸ್ಲೀಪಿಂಗ್ ಬ್ಯಾಗಿನಲ್ಲಿ ಸುತ್ತಿ, ಭಾರ ಕಟ್ಟಿ, ಸೇಂಟ್ ಲಾರೆನ್ಸ್ ನದಿಗೆ ಎಸೆದರು. ಅದೇ ಚಾಪ್ಟರಿನ ಈವ್ ಟ್ರೂಡೋ ಅನ್ನುವವನು ಆ ದಿನ ನಶೆ ಬಿಡಿಸುವ ಕೇಂದ್ರದಲ್ಲಿದ್ದ, ಉಳಿದುಕೊಂಡ. ತನ್ನ ತಲೆಗೂ ಬೆಲೆ ಕಟ್ಟಿದ್ದಾರೆ ಅಂತ ಗೊತ್ತಾದ ಮೇಲೆ ಪೊಲೀಸರ ಕಡೆ ಬಂದು, 43 ಕೊಲೆ ಒಪ್ಪಿಕೊಂಡ. ನಲವತ್ತಮೂರು. ಸಹೋದರರು ಅಂತ ಕರೆದುಕೊಳ್ಳುವವರ ಲೋಕದಲ್ಲಿ ಗುಟ್ಟು ಒಡೆಯುವುದು ಹೊರಗಿನವರಿಂದ ಕಡಿಮೆ, ಇಂಥ ಭಯದಿಂದ ಜಾಸ್ತಿ.

1994ರಲ್ಲಿ ಮಾಂಟ್ರಿಯಲ್‌ನ ಡ್ರಗ್ಸ್ ವ್ಯಾಪಾರ ಯಾರ ಕೈಯಲ್ಲಿರಬೇಕು ಅಂತ ಹೆಲ್ಸ್ ಏಂಜಲ್ಸ್‌ಗೂ ರಾಕ್ ಮಷೀನ್ ಅನ್ನುವ ಕೂಟಕ್ಕೂ ಯುದ್ಧ ಶುರುವಾಯಿತು. ಮುಗಿಯುವಾಗ 2002. ಸತ್ತವರು 150ಕ್ಕೂ ಹೆಚ್ಚು. 1995ರ ಆಗಸ್ಟ್ 9ರಂದು ಬೀದಿಯಲ್ಲಿ ನಿಂತಿದ್ದ ಒಂದು ಜೀಪು ಸ್ಫೋಟವಾಯಿತು. ರಸ್ತೆಯ ಆಚೆ ಇದ್ದ 11 ವರ್ಷದ ಹುಡುಗನ ತಲೆಗೆ ಅದರ ಲೋಹದ ಚೂರು ಹೊಕ್ಕಿತು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹೋದ. ಅಲ್ಲಿಯವರೆಗೆ ಕ್ವಿಬೆಕ್ ಜನ, ಗ್ಯಾಂಗಿನವರು ಗ್ಯಾಂಗಿನವರನ್ನು ಕೊಂದುಕೊಳ್ಳುತ್ತಾರೆ, ನಮಗೇನು ಅಂತ ಇದ್ದರು. ಆ ಮಗುವಿನ ತಾಯಿ ಬೀದಿಗಿಳಿದರು, ಸಹಿ ಸಂಗ್ರಹಿಸಿದರು, ರಾಜಕಾರಣಿಗಳನ್ನು ಬಿಡದೆ ಕೇಳಿದರು. 1997ರಲ್ಲಿ ಕೆನಡಾ ಸಂಸತ್ತು ಗ್ಯಾಂಗುಗಳ ವಿರುದ್ಧ ಹೊಸ ಕಾನೂನು ತಂದಿತು. ಅದು ಆ ತಾಯಿಯ ಕಾನೂನು ಅಂತಲೇ ನಾನು ಲೆಕ್ಕ ಹಾಕುವುದು.

ಅದೇ 1997ರಲ್ಲಿ ಇಬ್ಬರು ಜೈಲು ಕಾವಲುಗಾರರ ಕೊಲೆಯಾಯಿತು, ಒಬ್ಬರು ಹೆಣ್ಣುಮಗಳು. ಅವರಿಗೂ ಗ್ಯಾಂಗಿಗೂ ಯಾವ ವೈರವೂ ಇರಲಿಲ್ಲ. ಹಾಗಾದರೆ ಯಾಕೆ? ಮಾಂಟ್ರಿಯಲ್ ಏಂಜಲ್ಸ್‌ನ ಮುಖ್ಯಸ್ಥ ಮೊರಿಸ್ ಬೂಶೆ ಹಾಕಿದ ಲೆಕ್ಕ ಹೀಗಿತ್ತು: ಸರ್ಕಾರದ ಸಿಬ್ಬಂದಿಯನ್ನು ಕೊಂದವನಿಗೆ ಸರ್ಕಾರ ಎಂದೂ ಮಾಫಿ ಕೊಡುವುದಿಲ್ಲ, ಆದ್ದರಿಂದ ಅವನು ಎಂದೂ ಮಾಫಿ ಸಾಕ್ಷಿ ಆಗಲಾರ. ಟ್ರೂಡೋನಂಥವರು ಮತ್ತೆ ಹುಟ್ಟಬಾರದು ಅಂತ ಮಾಡಿದ ಏರ್ಪಾಟು ಅದು. ಇಬ್ಬರ ಜೀವ ತೆಗೆದದ್ದು, ಕೊಂದವನ ಬಾಯಿಗೆ ಬೀಗ ಹಾಕಲಿಕ್ಕೆ. ಈ ಲೋಕದ ಗುಟ್ಟು ಏನು ಅಂತ ನೀವು ಕೇಳಿದಿರಲ್ಲ, ನನಗೆ ಇದಕ್ಕಿಂತ ನೇರವಾದ ಉತ್ತರ ಗೊತ್ತಿಲ್ಲ.

ಬೀಗ ನಿಲ್ಲಲಿಲ್ಲ. ಸ್ಟೆಫಾನ್ ಗಾನ್ಯೆ ಅನ್ನುವ ಕೊಲೆಗಾರ ಸಿಕ್ಕಿಬಿದ್ದು ಬಾಯಿಬಿಟ್ಟ. ಆದರೂ 1998ರಲ್ಲಿ ಬೂಶೆ ಖುಲಾಸೆಯಾದ. ಅದೇ ರಾತ್ರಿ ಬಾಕ್ಸಿಂಗ್ ಪಂದ್ಯ ನೋಡಲು ಹೋದಾಗ ಜನ ಅವನಿಗೆ ಚಪ್ಪಾಳೆ ತಟ್ಟಿದರು. 2000ದ ಸೆಪ್ಟೆಂಬರಿನಲ್ಲಿ ಈ ಗ್ಯಾಂಗುಗಳ ಬಗ್ಗೆ ಬರೆಯುತ್ತಿದ್ದ ಮಿಶೆಲ್ ಓಜೆ ಅನ್ನುವ ಪತ್ರಕರ್ತನ ಬೆನ್ನಿಗೆ ಪತ್ರಿಕಾ ಕಚೇರಿಯ ಪಾರ್ಕಿಂಗಿನಲ್ಲೇ ಆರು ಗುಂಡು ಬಿದ್ದವು. ಅವರೇ ಫೋನ್ ತೆಗೆದು ಆಂಬುಲೆನ್ಸ್ ಕರೆಸಿಕೊಂಡರು, ಬದುಕಿದರು, ಮತ್ತೆ ಬರೆದರು. ಆಮೇಲೆ ಗಾಳಿ ತಿರುಗಿತು. 2001ರ ಮಾರ್ಚಿನಲ್ಲಿ ಒಂದೇ ದಿನ ಪ್ರಾಂತ್ಯದ ತುಂಬ ದಾಳಿ ನಡೆದು ನೂರಕ್ಕೂ ಹೆಚ್ಚು ಜನ ಒಳಗೆ ಹೋದರು. 2002ರಲ್ಲಿ ಬೂಶೆಯ ಮರುವಿಚಾರಣೆಯಲ್ಲಿ ಅಪರಾಧ ಸಾಬೀತಾಯಿತು. ಹೊರಗೆ ಬರಲಿಲ್ಲ, 2022ರಲ್ಲಿ ಕೈದಿಯಾಗಿಯೇ ಸತ್ತ.

ಇನ್ನು, ಹೆಸರು ಬೆನ್ನ ಮೇಲೆ ಯಾಕೆ ಅನ್ನುವುದು. ನನ್ನ ಅನಿಸಿಕೆ ಹೀಗೆ. ಸಾಲ ವಸೂಲಿಗೆ ಹೋದವನು ಬೆದರಿಕೆ ಹಾಕಿದರೆ ಅದು ಅಪರಾಧ. ಸುಮ್ನೆ ಬಂದು, ಬೆನ್ನು ತಿರುಗಿಸಿ, ಒಂದು ಟೀ ಕುಡಿದು ಹೋದರೆ? ಕೇಸ್ ಹಾಕಲು ಏನೂ ಇಲ್ಲ. ಆದರೆ ಅಂಗಡಿಯವನಿಗೆ ಮಾತು ತಲುಪಿರುತ್ತದೆ. ಅವನಿಗೆ ಈ ಮನುಷ್ಯ ಯಾರು ಅಂತ ಗೊತ್ತಿಲ್ಲ, ಇವನ ಹಿಂದೆ ಎಷ್ಟು ಜನ ಇದ್ದಾರೆ ಅನ್ನುವುದು ಮಾತ್ರ ಗೊತ್ತು. ಹೆಸರು ಎಷ್ಟು ದೊಡ್ಡದಾಗಿ ಕಂಡರೆ ಬಾಯಿ ಅಷ್ಟು ಕಡಿಮೆ ಆಡಿದರೆ ಸಾಕು. ಪ್ಯಾಚ್ ಗುಟ್ಟಿಗೆ ವಿರುದ್ಧ ಅಲ್ಲ, ಗುಟ್ಟನ್ನು ಕಾಯುವುದೇ ಅದು. ವೇಕೊದಲ್ಲಿ 177 ಜನರನ್ನು ಬಟ್ಟೆ ನೋಡಿ ಹಿಡಿದರು. ಯಾವ ಕೈ ಏನು ಮಾಡಿತು ಅನ್ನುವುದನ್ನು ಬಟ್ಟೆ ಹೇಳಲಿಲ್ಲ. ಕಂಡವರೂ ಹೇಳಲಿಲ್ಲ.

ಕೋರ್ಟಿನಲ್ಲೂ ಇದೇ ಆಟ. ಕ್ಲಬ್ಬು ಬೈಕ್ ಓಡಿಸಲು ಇರುವುದು, ಯಾರೋ ಒಬ್ಬ ತಪ್ಪು ಮಾಡಿದರೆ ಅದು ಅವನ ಸ್ವಂತ ವಿಷಯ ಅನ್ನುತ್ತಾರೆ. 1979ರಲ್ಲಿ ಅಮೆರಿಕ ಸರ್ಕಾರ ಸಂಘಟಿತ ಅಪರಾಧದ ಕಾನೂನಿನಡಿ ಬಾರ್ಜರ್ ಮತ್ತು ಜೊತೆಗಾರರ ಮೇಲೆ ದೊಡ್ಡ ಕೇಸ್ ನಡೆಸಿತು. ಅಪರಾಧ ಮಾಡುವುದೇ ಕ್ಲಬ್ಬಿನ ನೀತಿ ಅಂತ ಜ್ಯೂರಿಯನ್ನು ಒಪ್ಪಿಸಲು ಆಗಲಿಲ್ಲ, ಬಾರ್ಜರ್ ಪಾರಾದ. ಹೆಲ್ಸ್ ಏಂಜಲ್ಸ್ ತಮ್ಮ ರೆಕ್ಕೆಯ ತಲೆಬುರುಡೆಯನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದಾರೆ, ಅದನ್ನು ಹೋಲುವ ಉಂಗುರ, ಬ್ಯಾಗ್ ಮಾರಿದರು ಅಂತ 2010ರಲ್ಲಿ ಅಲೆಕ್ಸಾಂಡರ್ ಮೆಕ್ವೀನ್ ಫ್ಯಾಷನ್ ಕಂಪನಿಯ ಮೇಲೆ ಕೇಸ್ ಹಾಕಿದ್ದರು. ಮೊಂಗಲ್ಸ್ ವಿಷಯದಲ್ಲಿ ಸರ್ಕಾರ ಇನ್ನೊಂದು ದಾರಿ ಹಿಡಿಯಿತು: ಟ್ರೇಡ್‌ಮಾರ್ಕನ್ನೇ ಕಿತ್ತುಕೊಳ್ಳೋಣ, ಆಗ ಆ ಜಾಕೆಟ್ ಹಾಕಿದವನನ್ನು ನಿಲ್ಲಿಸಿ ಬಿಚ್ಚಿಸಬಹುದು. ಜ್ಯೂರಿ 2018ರಲ್ಲಿ ಕ್ಲಬ್ಬನ್ನೇ ಅಪರಾಧಿ ಅಂದಿತು, 2019ರಲ್ಲಿ ಚಿಹ್ನೆ ಮುಟ್ಟುಗೋಲಿಗೂ ಒಪ್ಪಿತು. ನ್ಯಾಯಾಧೀಶರು ಬಿಡಲಿಲ್ಲ. ಚಿಹ್ನೆ ತೊಡುವುದು ಮಾತಿನ ಸ್ವಾತಂತ್ರ್ಯಕ್ಕೆ ಸೇರಿದ್ದು ಅಂದರು. ನನಗೆ ಆ ಕ್ಲಬ್ಬಿನ ಮೇಲೆ ಒಂದಿಷ್ಟೂ ಪ್ರೀತಿಯಿಲ್ಲ, ಆದರೂ ಆ ನ್ಯಾಯಾಧೀಶರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಇವತ್ತು ಮೊಂಗಲ್ಸ್ ಬಟ್ಟೆ, ನಾಳೆ ಯಾರ ಬಟ್ಟೆ ಅಂತ ಕೇಳಬೇಕಾಗುತ್ತದೆ.

ಯುರೋಪಿನವರು ಹಾಗೆ ಯೋಚಿಸಲಿಲ್ಲ, ಅವರು ಕಂಡದ್ದೂ ಹಾಗಿತ್ತು. 1994ರಿಂದ 1997ರವರೆಗೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಏಂಜಲ್ಸ್ ಮತ್ತು ಬ್ಯಾಂಡಿಡೋಸ್ ಹೊಡೆದಾಡಿದರು. ಸ್ವೀಡನ್ ಸೇನೆಯ ಉಗ್ರಾಣದಿಂದ ಕದ್ದ, ಟ್ಯಾಂಕ್ ಒಡೆಯುವ ರಾಕೆಟ್‌ಗಳನ್ನು ಬಳಸಿದರು. 1996ರ ಅಕ್ಟೋಬರಿನಲ್ಲಿ ಕೋಪನ್‌ಹೇಗನ್‌ನ ಕ್ಲಬ್‌ಹೌಸಿನ ಪಾರ್ಟಿಯ ಮೇಲೆ ಅಂಥದ್ದೊಂದು ಬಿತ್ತು. ಇಬ್ಬರು ಸತ್ತರು, ಅವರಲ್ಲಿ ಒಬ್ಬಳು ಅತಿಥಿಯಾಗಿ ಬಂದಿದ್ದ ಹೆಣ್ಣುಮಗಳು. ಕೆಲವೇ ದಿನಗಳಲ್ಲಿ ಡೆನ್ಮಾರ್ಕ್ ಇಂಥ ಕ್ಲಬ್‌ಹೌಸುಗಳಲ್ಲಿ ಸೇರುವುದನ್ನು ತಡೆಯುವ ಕಾನೂನು ಮಾಡಿತು. 1997ರಲ್ಲಿ ಎರಡೂ ಕಡೆಯ ಮುಖ್ಯಸ್ಥರು ಟಿವಿ ಕ್ಯಾಮೆರಾ ಮುಂದೆ ಕೈ ಕುಲುಕಿದರು. ಜಾಗ ಹಂಚಿಕೊಂಡು ರಾಜಿಯಾದರು ಅಂತ ಹೇಳಬಹುದು. ನೆದರ್ಲೆಂಡ್ಸ್ ಕೋರ್ಟು 2019ರಲ್ಲಿ ಹೆಲ್ಸ್ ಏಂಜಲ್ಸ್ ಅನ್ನು ಇಡೀ ದೇಶದಲ್ಲೇ ನಿಷೇಧಿಸಿತು.

ಈಗ ನಿಮ್ಮ ಊರು. ಸಿಡ್ನಿಯ ನೈಋತ್ಯಕ್ಕೆ ಮಿಲ್ಪೆರಾ ಅಂತ ಬಡಾವಣೆ ಇದೆಯಲ್ಲ, ಬಹುಶಃ ಆ ಕಡೆ ನೀವು ರೈಡ್ ಹೋಗಿರುತ್ತೀರಿ. 1984ರ ಸೆಪ್ಟೆಂಬರ್ 2, ಅಲ್ಲಿ ಅಪ್ಪಂದಿರ ದಿನ. ಒಂದು ಹೋಟೆಲಿನ ಅಂಗಳದಲ್ಲಿ ಬೈಕ್ ಬಿಡಿಭಾಗಗಳ ಸಂತೆ ನಡೆದಿತ್ತು, ಮಕ್ಕಳುಮರಿ ಕರೆದುಕೊಂಡು ಜನ ಬಂದಿದ್ದರು. ಕೊಮಾಂಚೆರೋ ಕ್ಲಬ್ಬಿನಿಂದ ಸಿಡಿದು ಹೋದ ಕೆಲವರು ಅಮೆರಿಕದ ಬ್ಯಾಂಡಿಡೋಸ್ ಹತ್ತಿರ ಒಪ್ಪಿಗೆ ಪಡೆದು ಆಸ್ಟ್ರೇಲಿಯಾದಲ್ಲಿ ಆ ಪ್ಯಾಚ್ ಹಾಕಿಕೊಂಡಿದ್ದರು. ಒಂದು ವರ್ಷದ ಹಿಂದಿನವರೆಗೂ ಒಂದೇ ಮೇಜಿನಲ್ಲಿ ಕುಡಿದವರು ಅಲ್ಲಿ ಬಂದೂಕು ಹಿಡಿದು ಎದುರಾದರು. 7 ಜನ ಸತ್ತರು. ಆರು ಜನ ಕ್ಲಬ್ಬಿನವರು, ಏಳನೆಯದು ಸುಮ್ನೆ ಅಲ್ಲಿದ್ದ 14 ವರ್ಷದ ಹುಡುಗಿ. 2009ರ ಮಾರ್ಚಿನಲ್ಲಿ ಸಿಡ್ನಿ ವಿಮಾನ ನಿಲ್ದಾಣದ ಒಳಗೇ ಕೊಮಾಂಚೆರೋ ಮತ್ತು ಹೆಲ್ಸ್ ಏಂಜಲ್ಸ್ ಕಡೆಯವರು ಹೊಡೆದಾಡಿ, ಸಾಲು ನಿಲ್ಲಿಸುವ ಲೋಹದ ಕಂಬದಿಂದ ಒಬ್ಬನನ್ನು ಪ್ರಯಾಣಿಕರ ಕಣ್ಣೆದುರೇ ಬಡಿದು ಸಾಯಿಸಿದರು. ಕೆಲವೇ ವಾರಗಳಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕಾನೂನು ತಂದಿತು, 2011ರಲ್ಲಿ ಆಸ್ಟ್ರೇಲಿಯಾದ ಅತಿ ದೊಡ್ಡ ಕೋರ್ಟಾದ ಹೈಕೋರ್ಟ್ ಅದನ್ನು ಹೊಡೆದುಹಾಕಿತು, 2012ರಲ್ಲಿ ಅಪರಾಧಿಗಳ ಜೊತೆ ಮತ್ತೆ ಮತ್ತೆ ಸೇರುವುದನ್ನೇ ತಡೆಯುವ ಇನ್ನೊಂದು ಬಂತು. ಕ್ವೀನ್ಸ್‌ಲೆಂಡಿನಲ್ಲಿ 2016ರಿಂದ ನಿಷೇಧಿತ ಕ್ಲಬ್ಬುಗಳ ಕಲರ್ಸ್ ಸಾರ್ವಜನಿಕ ಜಾಗದಲ್ಲಿ ಹಾಕುವಂತಿಲ್ಲ. ವೆಸ್ಟರ್ನ್ ಆಸ್ಟ್ರೇಲಿಯಾದ 2021ರ ಕಾನೂನಿನಲ್ಲಿ ಹಚ್ಚೆಯೂ ಕಾಣುವಂತಿಲ್ಲ, ಮುಚ್ಚಿಕೊಳ್ಳಬೇಕು.

ಹಾಗಾಗಿ ಪ್ಯಾಚ್ ಮನೆಯಲ್ಲಿ ಉಳಿಯಿತು, ಮಾತು ಫೋನಿಗೆ ಹೋಯಿತು. ಅಲ್ಲೇ ಅವರು ಎಡವಿದರು. ಆನಮ್ ಅನ್ನುವ ಗುಪ್ತ ಫೋನ್ ಈ ಲೋಕದಲ್ಲಿ ಕೈಯಿಂದ ಕೈಗೆ ಹಬ್ಬಿತು, ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ನಂಬಿಕಸ್ಥರು ಹೇಳಿದರೆ ಮಾತ್ರ ಸಿಗುತ್ತಿತ್ತು. ಕೊಮಾಂಚೆರೋ ಜೊತೆ ನಂಟಿದ್ದ ಹಕನ್ ಅಯಿಕ್ ಅನ್ನುವ, ಪೊಲೀಸರು ಹುಡುಕುತ್ತಿದ್ದ ದೊಡ್ಡ ಕುಳವೇ ತನಗೆ ಗೊತ್ತಿಲ್ಲದೆ ಅದನ್ನು ಜೊತೆಗಾರರಿಗೆ ಹಂಚಿದ್ದ. ಆ ಫೋನ್ ನಡೆಸುತ್ತಿದ್ದದ್ದು ಅಮೆರಿಕದ ಎಫ್‌ಬಿಐ ಮತ್ತು ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು. 2021ರ ಜೂನ್ 8ರಂದು ಬಲೆ ಎಳೆದಾಗ ಜಗತ್ತಿನಾದ್ಯಂತ 800ಕ್ಕೂ ಹೆಚ್ಚು ಜನ ಸಿಕ್ಕಿದ್ದರು, ಓದಲು 2 ಕೋಟಿ 70 ಲಕ್ಷ ಸಂದೇಶಗಳಿದ್ದವು. ಹೊರಗಿನವರನ್ನು ಯಾರನ್ನೂ ನಂಬದವರು ತಮ್ಮವನು ಕೊಟ್ಟ ಫೋನನ್ನು ಪ್ರಶ್ನೆಯಿಲ್ಲದೆ ನಂಬಿದರು. ಪ್ರಾಸ್ಪೆಕ್ಟ್ ಆಗಿದ್ದಾಗ ಅವರು ಕಲಿತದ್ದೇ ಪ್ರಶ್ನೆ ಕೇಳದಿರುವುದನ್ನು.

ಎಲ್ಲ ಸದಸ್ಯರೂ ಪಾತಕಿಗಳಾ? ಇಲ್ಲ. ಮೆಕ್ಯಾನಿಕ್, ಲಾರಿ ಡ್ರೈವರ್, ಹಚ್ಚೆ ಹಾಕುವವರು ಇದ್ದಾರೆ. ಕ್ರಿಸ್‌ಮಸ್‌ಗೆ ಮಕ್ಕಳಿಗೆ ಆಟಿಕೆ ಹಂಚಲು ಸಾಲಾಗಿ ಬೈಕ್ ಓಡಿಸುತ್ತಾರೆ, ಅದೂ ನಿಜ. ಆದರೆ ಏನೂ ಮಾಡದ ಸದಸ್ಯನೂ ಆ ಬಟ್ಟೆ ಹಾಕಿಕೊಂಡು ನಡೆದಾಗ ಅದರ ಭಯವನ್ನು ಬೆಳೆಸುತ್ತಲೇ ಇರುತ್ತಾನೆ. ಹೆಣ್ಣಿನ ವಿಷಯವಂತೂ ಹೇಳಲೇಬೇಕು. ಹಲವು ಕ್ಲಬ್ಬುಗಳಲ್ಲಿ ಹೆಂಡತಿ, ಗೆಳತಿಯರ ಜಾಕೆಟ್ ಮೇಲೆ 'ಇಂಥವನ ಸ್ವತ್ತು' ಅಂತ ಹೊಲಿಸುತ್ತಾರೆ. ಅದು ಅವರ ಸಂಪ್ರದಾಯ, ಗೌರವ ಅಂತ ಕೆಲವರು ಸಮಜಾಯಿಷಿ ಕೊಡುತ್ತಾರೆ. ನಾನು ಒಪ್ಪುವುದಿಲ್ಲ.

ನಿಮಗೆ ಹೇಳುವುದು ಇಷ್ಟು. ಪ್ಯಾಚ್ ಒಂದೇ ತುಂಡಾಗಿರಲಿ. ಹೆಸರೂ ಚಿಹ್ನೆಯೂ ಅದರೊಳಗೇ ಬರಲಿ, ಬೆನ್ನಿಗಿಂತ ಎದೆಯ ಮೇಲೆ ಚಿಕ್ಕದಾಗಿದ್ದರೆ ಇನ್ನೂ ಒಳ್ಳೆಯದು. ಊರಿನ ಹೆಸರು ಬೇಡ, 'ಎಂಸಿ' ಅಂತ ಬೇಡ, ವಜ್ರಾಕಾರದ 1% ಸ್ಟಿಕ್ಕರ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದರೂ ಬೇಡವೇ ಬೇಡ. 'ಸಪೋರ್ಟ್ 81' ಅಂತ ಬರೆದ ಟೀ ಶರ್ಟ್ ಎಲ್ಲಾದರೂ ಕಂಡರೆ ನೆನಪಿಗೆ ಅಂತ ಕೊಳ್ಳಬೇಡಿ; ಇಂಗ್ಲಿಷ್ ಅಕ್ಷರಮಾಲೆಯ ಎಂಟನೆಯ ಮತ್ತು ಮೊದಲನೆಯ ಅಕ್ಷರ ಯಾವುದು ಅಂತ ಎಣಿಸಿ ನೋಡಿ, ಅದು ಹೆಲ್ಸ್ ಏಂಜಲ್ಸ್. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ವಿವರಣೆ ಬೇಕಿಲ್ಲ. ದಾರಿಯಲ್ಲಿ ಅವರ ಬೈಕುಗಳು ನಿಂತಿದ್ದರೆ ಮುಟ್ಟಬೇಡಿ, ಮೇಲೆ ಕೂತು ಸೆಲ್ಫಿ ತೆಗೆಯಬೇಡಿ. ಅವರಲ್ಲಿ ಯಾರಾದರೂ ಮಾತಾಡಿಸಿದರೆ ಮಾಮೂಲಿಯಾಗಿ ಮಾತಾಡಿ, ಹೆಚ್ಚಿನವರು ಮಾತಾಡುವುದು ಬೈಕಿನ ಬಗ್ಗೆಯೇ. ನಿಮ್ಮ ಗುಂಪು ನಮ್ಮ ಜೊತೆ ಇರಲಿ, ನಮ್ಮ ಬೆಂಬಲದ ಬಿಲ್ಲೆ ಹಾಕಿಕೊಳ್ಳಿ ಅಂದರೆ ಮಾತ್ರ, ನಾವು ಮನೆಯವರ ಜೊತೆ ಭಾನುವಾರ ಓಡಿಸುವವರು, ಅದೆಲ್ಲ ಆಗುವುದಿಲ್ಲ ಅಂತ ಅಲ್ಲೇ ಹೇಳಿಬಿಡಿ. ನೋಡೋಣ, ಆಮೇಲೆ ಹೇಳುತ್ತೇವೆ ಅಂತ ನಮ್ಮ ಕಡೆಯ ದಾಕ್ಷಿಣ್ಯ ತೋರಿಸಲು ಹೋಗಬೇಡಿ. ಅವರು ಅದನ್ನು ಒಪ್ಪಿಗೆ ಅಂತ ಹಿಡಿಯುತ್ತಾರೆ.

ಚಿಕ್ಕಪೇಟೆಯವರು ಇನ್ನೂ ಸೂಜಿ ಹಾಕಿಲ್ಲ ಅಂದರೆ ಇವತ್ತೇ ಫೋನ್ ಮಾಡಿ, ಕೆಳಗಿನ ಕಮಾನು ಬೇಡ ಅಂತ ಹೇಳಿ. ಹಾಕಿಯಾಗಿದ್ದರೆ ದಾರ ಬಿಚ್ಚಿಸಿ, ಬಟ್ಟೆ ಏನೂ ಹಾಳಾಗುವುದಿಲ್ಲ.